ಎಲೆ ಕೆಳಗಿಡುವ ಹೊತ್ತು

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಅಮೆರಿಕೆಯಲ್ಲಿ ನೌಕರಿ ಮಾಡಿಕೊಂಡಿರುವ ಅವನು ಅಲ್ಲಿನ ಪೋಕರ್ ಎಂಬ ಇಸ್ಪೀಟು ಆಟವನ್ನು ನನಗೆ ಕಲಿಸುವುದಾಗಿ ಹಟ ಹಿಡಿದ. ದುಡ್ಡು ಕಟ್ಟಿ ಆಡುವುದು ನಮ್ಮ ಮನೆಯಲ್ಲಿ ಎಂದೂ ಇಲ್ಲ. ಆದ್ದರಿಂದ ಅಡುಗೆಮನೆಯ ಡಬ್ಬಿಯಲ್ಲಿದ್ದ ಹುಣಸೆ ಬೀಜಗಳನ್ನು ತಂದು ಇಬ್ಬರೂ ಹಂಚಿಕೊಂಡು ಕುಳಿತೆವು. ಮೂರು ನಾಲ್ಕು ಸುತ್ತುಗಳಲ್ಲಿ ಆಟದ ಕ್ರಮ ಅರ್ಥವಾಯಿತು. ಐದನೆಯ ಸುತ್ತಿನಲ್ಲಿ ನನ್ನ ಕೈಗೆ ಇಸ್ಪೀಟಿನ ಎರಡು ಎಲೆ ಬಂದವು; ಮೇಜಿನ ಮೇಲೆ ಇನ್ನೆರಡು ಇಸ್ಪೀಟು ಬಿದ್ದವು. ಇನ್ನೊಂದು ಇಸ್ಪೀಟು ಬಿದ್ದರೆ ರಾಶಿ ನನ್ನದು. ಕೊನೆಯ ಎಲೆಯನ್ನು ತೆಗೆಯುವ ಮೊದಲು ಅವನು ಐವತ್ತು ಬೀಜಗಳನ್ನು ನಡುವಿಗೆ ತಳ್ಳಿದ. ನಾನೂ ಐವತ್ತು ತಳ್ಳಿದೆ. ಬಂದದ್ದು ಡೈಮಂಡ್ ಒಂಬತ್ತು.

"ಮೇಷ್ಟ್ರೇ, ಎಲೆ ಕೆಳಗಿಡುವುದು ಬಿಟ್ಟು ಯಾಕೆ ಮುಂದುವರಿದಿರಿ?" ಎಂದು ಅವನು ಕೇಳಿದ.

"ಅಷ್ಟು ಹೊತ್ತಿಗಾಗಲೇ ಐವತ್ತು ಬೀಜ ಹಾಕಿಬಿಟ್ಟಿದ್ದೆನಲ್ಲಪ್ಪ, ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ" ಎಂದೆ.

ಅವನು ನಕ್ಕು, "ಹಾಕಿದ ಬೀಜ ನಿಮ್ಮದಲ್ಲ ಮೇಷ್ಟ್ರೇ, ರಾಶಿಯದು. ಪಾಸ್ಕಲನ ಲೆಕ್ಕ ಮಾಡಿಸುವಾಗ ನೀವೇ ನಮಗೆ ಇದನ್ನು ಹೇಳಿಕೊಟ್ಟಿದ್ದಿರಿ" ಎಂದ.

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಪಾಠವನ್ನು ಹುಣಸೆ ಬೀಜದ ಮುಂದೆ ಮರೆತಿದ್ದೆ. ಆ ರಾತ್ರಿ ಈ ಒಂದು ಪ್ರಶ್ನೆಯ ಇತಿಹಾಸವನ್ನು ಬರೆದಿಡಬೇಕೆನ್ನಿಸಿತು. ಇನ್ನೂ ಕೂಡಿಬಾರದ, ಆದರೆ ಕೂಡಿಬರಬಹುದಾದ ಕೈಯನ್ನು ಹಿಡಿದವನು ಯಾವಾಗ ಅದನ್ನು ಕೈಬಿಡಬೇಕು? ಜೂಜನ್ನು ಹೊಗಳುವುದು ನನ್ನ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದು ಒಳ್ಳೆಯದೇ ಆಯಿತೆಂದು ಭಾವಿಸುವವನು ನಾನು. ಆದರೆ ಗಣಿತದ ಒಂದು ದೊಡ್ಡ ಶಾಖೆ ಹುಟ್ಟಿದ್ದು ಜೂಜಿನ ಮೇಜಿನ ಬಳಿಯಲ್ಲೇ ಎಂಬುದನ್ನು ಯಾವ ಮೇಷ್ಟರೂ ಅಲ್ಲಗಳೆಯಲಾರರು.

ಆಟ ತಿಳಿಯದ ಬಂಧುಗಳಿಗಾಗಿ ಎರಡು ಮಾತು. ಈಗ ಹೆಚ್ಚು ಪ್ರಚಾರದಲ್ಲಿರುವ ಪೋಕರ್ ಬಗೆಗೆ ಟೆಕ್ಸಾಸ್ ಹೋಲ್ಡೆಮ್ ಎಂದು ಹೆಸರು. ಪ್ರತಿಯೊಬ್ಬ ಆಟಗಾರನಿಗೂ ಎರಡು ಎಲೆಗಳನ್ನು ಮುಚ್ಚಿ ಕೊಡುತ್ತಾರೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ನಡುವೆ ತೆರೆದಿಡುತ್ತಾರೆ: ಮೊದಲು ಒಟ್ಟಿಗೆ ಮೂರು, ಬಳಿಕ ಒಂದು, ಕಡೆಗೆ ಇನ್ನೊಂದು. ಈ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡು ಯಾರ ಜೋಡಣೆ ದೊಡ್ಡದೋ ಅವನು ಗೆದ್ದಂತೆ. ಒಂದೇ ಜಾತಿಯ ಐದು ಎಲೆ ಸೇರಿದರೆ ಅದು ಫ್ಲಶ್. ಅನುಕ್ರಮವಾಗಿ ಐದು ಸೇರಿದರೆ ಸ್ಟ್ರೈಟ್. ಎಲೆಗಳು ಬೀಳುವ ನಡುನಡುವೆ ಪಣ ಕಟ್ಟುವ ಸರದಿ ಬರುತ್ತದೆ. ಒಬ್ಬ ಪಣ ಕಟ್ಟಿದರೆ ಉಳಿದವರು ಅಷ್ಟೇ ಕಟ್ಟಿ ಮುಂದುವರಿಯಬಹುದು, ಏರಿಸಬಹುದು, ಇಲ್ಲವೇ ಎಲೆಗಳನ್ನು ಕೆಳಗಿಟ್ಟು ಆ ಸುತ್ತಿನಿಂದ ಹೊರಗುಳಿಯಬಹುದು. ನಾಲ್ಕು ಎಲೆ ಕೂಡಿ ಐದನೆಯದಕ್ಕೆ ಬಾಯಿಬಿಟ್ಟು ಕುಳಿತಿರುವ ಕೈಯನ್ನು ನಾನು ಇಲ್ಲಿ 'ಕಾಯುವ ಕೈ' ಎಂದು ಕರೆಯುತ್ತೇನೆ.

ಪೋಕರ್ ಹುಟ್ಟಿದಾಗ ಈ ಕಾಯುವ ಕೈ ಎಂಬುದೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪಿ ನದಿಯ ಉಗಿಹಡಗುಗಳಲ್ಲಿ ಆಡುತ್ತಿದ್ದ ಪೋಕರಿಗೆ ಬಳಸುತ್ತಿದ್ದುದು 20 ಎಲೆ ಮಾತ್ರ: ನಾಲ್ಕು ಜಾತಿಗಳ ಎಕ್ಕ, ರಾಜ, ರಾಣಿ, ಗುಲಾಮ ಮತ್ತು ಹತ್ತು. ನಾಲ್ವರಿಗೆ ಐದೈದು ಹಂಚಿದರೆ ಕಟ್ಟೇ ಮುಗಿಯಿತು. ಕೈಗೆ ಬಂದದ್ದು ಬಂದಂತೆ; ಹೊಸ ಎಲೆಯ ಆಸೆಯೇ ಇಲ್ಲ. ಜೋಸೆಫ್ ಕೋವೆಲ್ ಎಂಬ ಇಂಗ್ಲಿಷ್ ನಟ 1829ರ ತನ್ನ ಹಡಗಿನ ಪ್ರಯಾಣದಲ್ಲಿ ಕಂಡ ಇಂಥ ಆಟವನ್ನು 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ವರ್ಣಿಸಿದ್ದಾನೆ. ಶತಮಾನದ ನಡುಭಾಗದ ಹೊತ್ತಿಗೆ 52 ಎಲೆಗಳ ಪೂರ್ಣ ಕಟ್ಟು ಬಳಕೆಗೆ ಬಂತು, ಫ್ಲಶ್ ಸೇರಿತು, ಬೇಡದ ಎಲೆಗಳನ್ನು ಬಿಟ್ಟು ಹೊಸ ಎಲೆ ಎಳೆದುಕೊಳ್ಳುವ ಪದ್ಧತಿಯೂ ಸೇರಿತು. ಕೈಯಲ್ಲಿ ಏನಿದೆ ಎಂಬ ಪ್ರಶ್ನೆಯ ಜೊತೆಗೆ ಏನು ಬರಬಹುದು ಎಂಬ ಪ್ರಶ್ನೆ ಹುಟ್ಟಿದ್ದು ಆಗಲೇ. ಬರಬಹುದಾದದ್ದಕ್ಕೆ ಈಗ ಎಷ್ಟು ಬೆಲೆ ಕೊಡಬೇಕೆಂಬ ಸಂಕಟವೂ ಅದರ ಬೆನ್ನಿಗೇ ಬಂತು.

ಆದರೆ ಈ ಸಂಕಟಕ್ಕೆ ಉತ್ತರ ಪೋಕರಿಗಿಂತ ಬಹಳ ಹಿಂದೆಯೇ ಯುರೋಪಿನಲ್ಲಿ ದೊರಕಿತ್ತು. ಅದನ್ನು ತಿಳಿಯಲು ನಾವು 1494ಕ್ಕೆ ಹೋಗಬೇಕು. ಆ ವರ್ಷ ಲೂಕಾ ಪಚಿಯೋಲಿ ಎಂಬ ಇಟಲಿಯ ಸಂನ್ಯಾಸಿ ವೆನಿಸ್‌ನಲ್ಲಿ ಅಂಕಗಣಿತದ ದೊಡ್ಡ ಗ್ರಂಥವೊಂದನ್ನು ಅಚ್ಚುಮಾಡಿಸಿದ. ಜಮಾಖರ್ಚು ಬರೆಯುವ ದ್ವಿನಮೂದು ಪದ್ಧತಿಯನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ವಿವರಿಸಿದ ಪುಸ್ತಕವೆಂದು ವಾಣಿಜ್ಯದ ವಿದ್ಯಾರ್ಥಿಗಳಿಗೆ ಅದು ಗೊತ್ತಿರಬಹುದು. ಅದರಲ್ಲಿ ಒಂದು ಲೆಕ್ಕವಿದೆ. ಮೊದಲು 60 ಅಂಕ ಗಳಿಸಿದವರಿಗೆ ಪಣವೆಲ್ಲವೂ ಸೇರಬೇಕೆಂದು ಎರಡು ಪಕ್ಷಗಳು ಆಟ ಹೂಡಿವೆ. ಒಂದು ಪಕ್ಷ 50, ಇನ್ನೊಂದು 20 ಗಳಿಸಿದಾಗ ಆಟ ಅರ್ಧಕ್ಕೇ ನಿಂತುಹೋಯಿತು. ಪಣವನ್ನು ಹೇಗೆ ಹಂಚಬೇಕು? ಪಚಿಯೋಲಿಯ ಉತ್ತರ: ಗಳಿಸಿದ ಅಂಕಗಳ ಪ್ರಮಾಣದಲ್ಲಿ, ಅಂದರೆ 5ಕ್ಕೆ 2ರಂತೆ.

ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ತರಗತಿಯಲ್ಲಿ ಕೇಳಿದಾಗ ನಿಮ್ಮಲ್ಲಿಯೂ ಹೆಚ್ಚಿನವರು ಇದೇ ಉತ್ತರ ಕೊಡುತ್ತಿದ್ದಿರಿ. ಆದರೆ 1556ರಲ್ಲಿ ತಾರ್ತಾಲ್ಯಾ ಎಂಬ ಗಣಿತಜ್ಞ ಇದರ ಹುಳುಕನ್ನು ತೋರಿಸಿದ. ಒಂದು ಪಕ್ಷ ಕೇವಲ 10 ಅಂಕ ಗಳಿಸಿ, ಇನ್ನೊಂದು ಏನನ್ನೂ ಗಳಿಸದಿರುವಾಗ ಆಟ ನಿಂತರೆ ಪಚಿಯೋಲಿಯ ನಿಯಮದಂತೆ ಮೊದಲನೆಯವರು ಇಡೀ ಪಣವನ್ನು ಎತ್ತಿಕೊಂಡು ಹೋಗಬೇಕು! ಗೆಲ್ಲಲು ಇನ್ನೂ 50 ಅಂಕ ಬೇಕಾಗಿರುವವರಿಗೆ ಸರ್ವಸ್ವವನ್ನೂ ಕೊಡುವುದು ಯಾವ ನ್ಯಾಯ? ತಪ್ಪನ್ನು ತೋರಿಸಿದರೂ ತಾರ್ತಾಲ್ಯಾನಿಗೆ ಸರಿಯುತ್ತರ ಹೊಳೆಯಲಿಲ್ಲ. ಇದು ಲೆಕ್ಕಕ್ಕಿಂತ ಹೆಚ್ಚಾಗಿ ನ್ಯಾಯಾಧೀಶರು ತೀರ್ಮಾನಿಸಬೇಕಾದ ವ್ಯಾಜ್ಯವೆಂದು ಅವನು ಭಾವಿಸಿದ.

ಅದೇ ಕಾಲದ ಕಾರ್ಡಾನೋ ಸ್ವಲ್ಪ ಮುಂದೆ ಹೋಗಿದ್ದ. ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಗಣಿತಜ್ಞ, ಚಟದಿಂದ ಜೂಜುಕೋರ. ಚದುರಂಗ ಮತ್ತು ದಾಳಗಳಿಗಾಗಿ ತನ್ನ ಬಾಳಿನ ಬಹು ವರ್ಷಗಳನ್ನು ತೆತ್ತೆನೆಂದು ಅವನೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಗೆದ್ದ ಆಟಗಳನ್ನಲ್ಲ, ಗೆಲ್ಲಲು ಉಳಿದಿರುವ ಆಟಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಅವನು 1539ರಲ್ಲಿಯೇ ಬರೆದ. ದಿಕ್ಕು ಸರಿ, ಆದರೆ ಅವನು ಕೊಟ್ಟ ಸೂತ್ರ ತಪ್ಪಾಗಿತ್ತು. ಅವನು ಜೂಜಿನ ಬಗ್ಗೆ ಬರೆದ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡು ಎಷ್ಟೋ ಕಾಲದ ಮೇಲೆ, 1663ರಲ್ಲಿ. ಅದರಲ್ಲಿ ಪ್ರಿಮೆರೋ ಎಂಬ ಇಸ್ಪೀಟು ಆಟದ ವಿವರಣೆಯಿದೆ. ಪೋಕರಿನ ಪೂರ್ವಜರಲ್ಲಿ ಒಂದೆಂದು ಎಣಿಸಲಾಗುವ ಆ ಆಟದಲ್ಲಿಯೂ ಒಂದೇ ಜಾತಿಯ ಎಲೆಗಳನ್ನು ಕೂಡಿಸುವ ಫ್ಲಶ್ ಇತ್ತು.

ಸರಿಯುತ್ತರ ಬಂದದ್ದು 1654ರ ಬೇಸಿಗೆಯಲ್ಲಿ. ಷೆವಾಲಿಯೇ ದ ಮೇರೆ ಎಂಬ ಫ್ರೆಂಚ್ ಗೃಹಸ್ಥನ ಮೂಲಕ ಈ ಹಳೆಯ ಸಮಸ್ಯೆ 31 ವರ್ಷದ ಬ್ಲೇಸ್ ಪಾಸ್ಕಲನ ಬಳಿಗೆ ಬಂತು. ಪಾಸ್ಕಲ್ ಅದನ್ನು ಟುಲೂಸ್‌ನಲ್ಲಿ ನ್ಯಾಯಾಂಗದ ಅಧಿಕಾರಿಯಾಗಿದ್ದ ಪಿಯರ್ ದ ಫೆರ್ಮಾನೊಡನೆ ಪತ್ರಗಳಲ್ಲಿ ಚರ್ಚಿಸಿದ. ಜುಲೈ 29ರ ಪತ್ರದ ಉದಾಹರಣೆ ಹೀಗಿದೆ. ಇಬ್ಬರೂ ತಲಾ 32 ಪಿಸ್ತೋಲ್ ನಾಣ್ಯ ಹೂಡಿದ್ದಾರೆ, ರಾಶಿಯಲ್ಲಿ 64. ಮೊದಲು ಮೂರು ಆಟ ಗೆದ್ದವನಿಗೆ ಎಲ್ಲವೂ. ಒಬ್ಬ 2, ಇನ್ನೊಬ್ಬ 1 ಗೆದ್ದಾಗ ಆಟ ನಿಂತಿತು. ಪಾಸ್ಕಲ್ ಹಿಂದೆ ನೋಡಲಿಲ್ಲ. ಮುಂದಿನ ಆಟ ನಡೆದರೆ ಏನಾಗುತ್ತದೆ ಎಂದು ಕೇಳಿದ. ಮೊದಲನೆಯವನು ಗೆದ್ದರೆ 64 ಅವನದು. ಸೋತರೆ ಇಬ್ಬರೂ ಸಮ, ಅವನ ಪಾಲು 32. ಅಂದರೆ 32 ಹೇಗೂ ಖಚಿತ. ಉಳಿದ 32ಕ್ಕೆ ಇಬ್ಬರಿಗೂ ಸಮಾನ ಅವಕಾಶವಿರುವುದರಿಂದ ಅದರಲ್ಲಿ ಅರ್ಧ. ಒಟ್ಟು 48, ಇನ್ನೊಬ್ಬನಿಗೆ 16. ಫೆರ್ಮಾ ಬೇರೆ ದಾರಿಯಲ್ಲಿ ಹೋದ. ಹೆಚ್ಚೆಂದರೆ ಇನ್ನೆರಡು ಆಟಗಳಲ್ಲಿ ತೀರ್ಮಾನವಾಗಬೇಕು. ಎರಡು ಆಟಗಳಿಗೆ ನಾಲ್ಕು ಫಲಿತಾಂಶಗಳು. ಮೂರರಲ್ಲಿ ಮೊದಲನೆಯವನ ಗೆಲುವು. 64ರ ಮುಕ್ಕಾಲು ಪಾಲು 48. ಎರಡು ದಾರಿ, ಒಂದೇ ಊರು.

ಪಚಿಯೋಲಿಯಿಂದ ಪಾಸ್ಕಲನವರೆಗಿನ 160 ವರ್ಷಗಳಲ್ಲಿ ಆದ ಬದಲಾವಣೆ ಇಷ್ಟೇ: ಹಿಂದೆ ನಡೆದದ್ದನ್ನು ನೋಡುತ್ತಿದ್ದ ಕಣ್ಣು ಮುಂದೆ ನಡೆಯಬಹುದಾದದ್ದರ ಕಡೆಗೆ ತಿರುಗಿತು. 1657ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಇದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಕ್ರಮಬದ್ಧಗೊಳಿಸಿದ. ನಾವು ಇಂದು 'ನಿರೀಕ್ಷಿತ ಮೌಲ್ಯ' ಎನ್ನುವ ಪರಿಕಲ್ಪನೆಗೆ ಅದೇ ತಳಹದಿ.

ಈಗ ನನ್ನ ಹುಣಸೆ ಬೀಜಕ್ಕೆ ಬರೋಣ. ಕೈಯಲ್ಲಿ ಎರಡು ಇಸ್ಪೀಟು, ಮೇಜಿನ ನಾಲ್ಕು ಎಲೆಗಳಲ್ಲಿ ಎರಡು ಇಸ್ಪೀಟು. ಕಟ್ಟಿನಲ್ಲಿ 13 ಇಸ್ಪೀಟು ಎಲೆಗಳಿರುವುದರಿಂದ ನಾನು ಕಾಣದವು 9. ಒಟ್ಟು 52ರಲ್ಲಿ ನಾನು ಕಂಡಿರುವುದು 6, ಕಾಣದವು 46. ಆ 46ರಲ್ಲಿ 9 ನನ್ನ ಪರ, 37 ವಿರುದ್ಧ. ಆಗ ರಾಶಿಯಲ್ಲಿದ್ದುದು 100 ಬೀಜ. ಎದುರಾಳಿಯ ಪಣ 50 ಸೇರಿ 150. ಮುಂದುವರಿಯಲು ನಾನು ತೆರಬೇಕಾದದ್ದು 50. ಇದೇ ಸನ್ನಿವೇಶ 46 ಸಾರಿ ಬಂದು, ಪ್ರತಿ ಸಾರಿಯೂ ಬೇರೆ ಬೇರೆ ಎಲೆ ತೆರೆಯಿತೆಂದು ಭಾವಿಸಿ. 9 ಸಾರಿ 150ರಂತೆ 1350 ಬೀಜ ಗೆಲ್ಲುತ್ತೇನೆ. 37 ಸಾರಿ 50ರಂತೆ 1850 ಸೋಲುತ್ತೇನೆ. 500 ಬೀಜ ನಷ್ಟ. ಸಾರಿಗೆ ಹೆಚ್ಚುಕಡಿಮೆ 11 ಬೀಜ. ಎಲೆ ಕೆಳಗಿಡಬೇಕಾಗಿತ್ತು.

ಎದುರಾಳಿ 50ರ ಬದಲು 20 ಮಾತ್ರ ಕಟ್ಟಿದ್ದರೆ? ಆಗ 9 ಸಾರಿ 120ರಂತೆ 1080 ಗೆಲುವು, 37 ಸಾರಿ 20ರಂತೆ 740 ಸೋಲು. 340 ಬೀಜ ಲಾಭ. ಅದೇ ಕೈ, ಅದೇ ಎಲೆಗಳು, ಆದರೆ ಉತ್ತರ ತಿರುಗಿತು. ಈ ಲೆಕ್ಕದಲ್ಲಿ ರಾಶಿಯ 100 ಬೀಜಗಳಲ್ಲಿ ನಾನು ಹಾಕಿದ್ದೆಷ್ಟು ಎಂಬ ಸಂಖ್ಯೆ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ರಾಶಿ ಎಷ್ಟಿದೆ ಎನ್ನುವುದು ಬೇಕು. ಅದು ಯಾರ ಕಿಸೆಯಿಂದ ಬಂತು ಎನ್ನುವುದು ಬೇಡ. ನಾನು "ಐವತ್ತು ಹಾಕಿಬಿಟ್ಟಿದ್ದೆನಲ್ಲ" ಎಂದಾಗ ಪಚಿಯೋಲಿಯ ಪಕ್ಷಕ್ಕೆ ಜಾರಿದ್ದೆ.

ಇಷ್ಟೇ ಆಗಿದ್ದರೆ ಪೋಕರ್ ಎಂಬುದು ಮಗ್ಗಿ ಬಲ್ಲವರ ಆಟವಾಗುತ್ತಿತ್ತು. ಪ್ರತಿ ಸರದಿಯಲ್ಲಿಯೂ ಪಣ ಇಷ್ಟೇ ಎಂದು ನಿಗದಿಯಾಗಿರುವ ಬಗೆಯಲ್ಲಿ ಅದು ಸ್ವಲ್ಪಮಟ್ಟಿಗೆ ಹಾಗೆಯೇ ಇದೆ. ಅಲ್ಲಿ ರಾಶಿಗೆ ಹೋಲಿಸಿದರೆ ಪಣ ಚಿಕ್ಕದಾಗಿರುವುದರಿಂದ ಕಾಯುವ ಕೈಯನ್ನು ಹಿಡಿದಿರುವುದು ಸಾಮಾನ್ಯವಾಗಿ ನಷ್ಟವಲ್ಲ. ಆದರೆ ಮಿತಿಯಿಲ್ಲದ ಪೋಕರಿನಲ್ಲಿ ಆಟಗಾರ ತನ್ನ ಮುಂದಿರುವ ಎಲ್ಲವನ್ನೂ ಯಾವ ಕ್ಷಣದಲ್ಲಾದರೂ ಒಡ್ಡಬಹುದು. ನನ್ನ ಆಸೆಗೆ ಬೆಲೆ ಕಟ್ಟುವವನು ನನ್ನ ಎದುರಾಳಿ.

ಈ ಬಗೆ ಬೆಳೆದದ್ದು ಟೆಕ್ಸಾಸಿನಲ್ಲಿ. ಹೋಲ್ಡೆಮ್ ಆಟದ ಹುಟ್ಟೂರು ರಾಬ್ಸ್‌ಟೌನ್ ಎಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಅಧಿಕೃತವಾಗಿ ಗುರುತಿಸಿತು. ಊರಿಂದೂರಿಗೆ ಅಲೆಯುತ್ತಿದ್ದ ಟೆಕ್ಸಾಸಿನ ಜೂಜುಗಾರರು ಅದನ್ನು ಲಾಸ್ ವೇಗಾಸಿಗೆ ಕೊಂಡೊಯ್ದರು. 1970ರಲ್ಲಿ ಬೆನ್ನಿ ಬಿನಿಯನ್ ತನ್ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ 'ವರ್ಲ್ಡ್ ಸೀರೀಸ್ ಆಫ್ ಪೋಕರ್' ಎಂಬ ಕೂಟವನ್ನು ಆರಂಭಿಸಿದ. ಮೊದಲ ವರ್ಷ ಆಟಗಾರರೇ ಮತ ಹಾಕಿ ಜಾನಿ ಮಾಸ್‌ನನ್ನು ಶ್ರೇಷ್ಠನೆಂದು ಆರಿಸಿದರು. ಮಿತಿಯಿಲ್ಲದ ಹೋಲ್ಡೆಮ್ ಆ ಕೂಟದ ಮುಖ್ಯ ಸ್ಪರ್ಧೆಯಾಗಿ ನೆಲೆಗೊಂಡಿತು. ಆ ಟೆಕ್ಸಾಸಿಗರಲ್ಲಿ ಪ್ರಸಿದ್ಧನಾದ ಡಾಯ್ಲ್ ಬ್ರನ್ಸನ್ ಶಿಕ್ಷಣಕ್ಕೆ ಸಂಬಂಧಿಸಿದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವನೆಂದು ತಿಳಿದಾಗ ನನಗೆ ನಗು ಬಂತು. ಯಾವುದೋ ಶಾಲೆಗೆ ಒಬ್ಬ ಹೆಡ್‌ಮಾಸ್ತರು ತಪ್ಪಿಹೋದರು!

ಮಿತಿಯಿಲ್ಲದ ಆಟದಲ್ಲಿ ಮೇಲಿನ ಲೆಕ್ಕಕ್ಕೆ ನಾಲ್ಕು ತಿದ್ದುಪಡಿಗಳು ಬೇಕಾಗುತ್ತವೆ.

ಮೊದಲನೆಯದು, ಎಷ್ಟು ಎಲೆಗಳಿಗೆ ಬೆಲೆ ಕೊಡುತ್ತಿದ್ದೇನೆ ಎಂಬುದು. ಮೇಜಿನ ಮೇಲೆ ಮೂರೇ ಎಲೆ ಬಿದ್ದಿರುವಾಗ ನನಗೆ ಇನ್ನೆರಡು ಅವಕಾಶಗಳಿವೆ. ಎರಡರಲ್ಲಿ ಒಂದಾದರೂ ಇಸ್ಪೀಟು ಬರುವ ಸಂಭವ 100ಕ್ಕೆ 35. ಮುಂದಿನ ಒಂದೇ ಎಲೆಯಲ್ಲಿ ಬರುವ ಸಂಭವ 100ಕ್ಕೆ 19 ಮಾತ್ರ. ರಾಶಿ 100 ಇದ್ದಾಗ ಎದುರಾಳಿ ತನ್ನಲ್ಲಿ ಉಳಿದಿರುವ 100 ಬೀಜಗಳನ್ನೂ ಒಡ್ಡಿದನೆನ್ನಿ. ಇನ್ನು ಮುಂದೆ ಪಣವಿಲ್ಲ. ಒಂದೇ ಬೆಲೆಗೆ ಎರಡೂ ಎಲೆಗಳನ್ನು ಕಾಣುತ್ತೇನೆ. 200 ಗೆಲ್ಲಲು 100 ತೆರುವವನಿಗೆ ಮೂರರಲ್ಲಿ ಒಂದು ಸಂಭವ ಸಾಕು. ನನಗಿರುವುದು ಅದಕ್ಕಿಂತ ತುಸು ಹೆಚ್ಚು. ಮುಂದುವರಿಯಬಹುದು. ಅವನು 300 ಒಡ್ಡಿದರೆ 100ಕ್ಕೆ 43ರಷ್ಟು ಸಂಭವ ಬೇಕು, ಕೆಳಗಿಡುವುದೇ ಸರಿ. ಆದರೆ ಅವನ ಬಳಿ ಇನ್ನೂ ಬೀಜಗಳಿದ್ದು, ಮುಂದಿನ ಎಲೆಯ ನಂತರ ಮತ್ತೆ ಪಣ ಏರಿಸಬಲ್ಲನಾದರೆ ನಾನು ಈಗ ಕೊಳ್ಳುತ್ತಿರುವುದು ಒಂದೇ ಎಲೆಯನ್ನು. ಆಗ 35ನ್ನು ನೆಚ್ಚಿಕೊಳ್ಳುವುದು ತಪ್ಪು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂದು ನನ್ನ ವಿದ್ಯಾರ್ಥಿ ಹೇಳಿದ.

ಎರಡನೆಯದು, ಎಲೆ ಕೂಡಿದ ಮೇಲೆ ಇನ್ನೆಷ್ಟು ಗೆಲ್ಲಬಲ್ಲೆ ಎಂಬುದು. ನಾನು ಸೋತ ಕೈಯಲ್ಲಿ ಕೊರತೆ 500 ಬೀಜ. ಗೆಲ್ಲುವ 9 ಸಾರಿಗಳಲ್ಲಿ ಅದನ್ನು ತುಂಬಿಕೊಳ್ಳಬೇಕಾದರೆ ಇಸ್ಪೀಟು ಬಿದ್ದ ಮೇಲೆ ಎದುರಾಳಿಯಿಂದ ಸಾರಿಗೆ ಸರಾಸರಿ 56 ಬೀಜ ಹೆಚ್ಚಿಗೆ ಗೆಲ್ಲಬೇಕು. ಅವನ ಮುಂದೆ ಅಷ್ಟು ಉಳಿದಿದೆಯೇ? ಮೇಜಿನ ಮೇಲೆ ಮೂರು ಇಸ್ಪೀಟುಗಳನ್ನು ಕಂಡಮೇಲೂ ಕೊಡುವಷ್ಟು ಮೊಂಡನೇ ಅವನು? ಎರಡಕ್ಕೂ 'ಹೌದು' ಎನ್ನುವಂತಿದ್ದರೆ ಮುಂದುವರಿಯಬಹುದು. ಇಲ್ಲಿ ಗಣಿತದ ಜೊತೆಗೆ ಮನುಷ್ಯರನ್ನು ಓದುವ ಕೆಲಸ ಸೇರಿಕೊಳ್ಳುತ್ತದೆ.

ಮೂರನೆಯದು, ಬಯಸಿದ ಎಲೆ ಬಂದರೂ ಸೋಲಬಹುದೆಂಬುದು. ನನ್ನಲ್ಲಿರುವುದು ಇಸ್ಪೀಟಿನ ಆರು ಮತ್ತು ಏಳು. ಅವನಲ್ಲಿ ಇಸ್ಪೀಟಿನ ರಾಜನೂ ಇನ್ನೊಂದು ಇಸ್ಪೀಟೂ ಇದ್ದರೆ ನಾನು ಕಾಯುತ್ತಿರುವ ಎಲೆಯೇ ನನ್ನನ್ನು ಮುಳುಗಿಸುತ್ತದೆ. ಎಣಿಸಿದ 9ರಲ್ಲಿ ಎರಡು ಎಲೆಗಳು ಎದುರಾಳಿಗೆ ಇನ್ನೂ ದೊಡ್ಡ ಜೋಡಣೆ ಕೊಡುವಂಥವಾದರೆ ನಿಜವಾಗಿ ಉಳಿಯುವುದು 7.

ನಾಲ್ಕನೆಯದು, ಕಾಯುವವನೇ ಪಣ ಏರಿಸುವ ಉಪಾಯ. ಎದುರಾಳಿ ಹೆದರಿ ಎಲೆ ಕೆಳಗಿಟ್ಟರೆ ರಾಶಿ ತಕ್ಷಣ ನನ್ನದು. ಇಡದಿದ್ದರೆ 9 ಎಲೆಗಳ ಆಸರೆ ಇದ್ದೇ ಇದೆ. ಡೇವಿಡ್ ಸ್ಕ್ಲಾನ್ಸ್ಕಿ ಇದಕ್ಕೆ 'ಸೆಮಿ ಬ್ಲಫ್' ಎಂಬ ಹೆಸರು ಕೊಟ್ಟು, 1987ರ ತನ್ನ 'ದಿ ಥಿಯರಿ ಆಫ್ ಪೋಕರ್' ಗ್ರಂಥದಲ್ಲಿ ವಿವರಿಸಿದ್ದಾನೆ. ಆದರೆ ಏನು ಮಾಡಿದರೂ ಬಿಟ್ಟುಕೊಡದ ಎದುರಾಳಿಯ ಮುಂದೆ ಇದು ನಿಷ್ಪ್ರಯೋಜಕ.

ಈ ನಾಲ್ಕನ್ನೂ ತೂಗಿ ಬೆಲೆ ಹೆಚ್ಚಾಯಿತೆಂದು ಕಂಡರೆ ಎಲೆ ಕೆಳಗಿಡಬೇಕು. ಇಟ್ಟಮೇಲೆ ಬಯಸಿದ ಎಲೆಯೇ ಬಿದ್ದರೂ ಮರುಗಬಾರದು. ಇದು ಹೇಳಿದಷ್ಟು ಸುಲಭವಲ್ಲ. ಬ್ರನ್ಸನ್ 1976ರಲ್ಲಿಯೂ 1977ರಲ್ಲಿಯೂ ವಿಶ್ವ ಪ್ರಶಸ್ತಿ ಗೆದ್ದಾಗ ಕೊನೆಯ ಸುತ್ತಿನಲ್ಲಿ ಅವನ ಕೈಯಲ್ಲಿದ್ದುದು ಎರಡು ಸಾರಿಯೂ ಹತ್ತು ಮತ್ತು ಎರಡು. ಅದು ಬಡಕಲು ಕೈ. ಕೊನೆಯ ಎಲೆಗಳು ಅವನಿಗೆ ಒಲಿದವು. ಇಂದಿಗೂ ಆ ಜೋಡಿಗೆ ಅವನದೇ ಹೆಸರು. ಹಾಗೆಂದು ಹತ್ತು-ಎರಡನ್ನು ಹಿಡಿದು ಸರ್ವಸ್ವವನ್ನೂ ಒಡ್ಡುವುದು ಜಾಣತನವಾಗಲಿಲ್ಲ. ತಪ್ಪು ದಾರಿಯಲ್ಲಿ ಸರಿಯುತ್ತರ ಬಂದ ಲೆಕ್ಕಕ್ಕೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲವೆಂಬುದು ನಿಮ್ಮಲ್ಲಿ ಕೆಲವರಿಗೆ ಇನ್ನೂ ಸಿಟ್ಟಿನೊಡನೆ ನೆನಪಿರಬಹುದು. ಕಾರಣ ಇದೇ.

ಯಂತ್ರಗಳ ಮಾತನ್ನೂ ಹೇಳಬೇಕು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಇಬ್ಬರು ಆಡುವ, ಪಣ ನಿಗದಿಯಾಗಿರುವ ಹೋಲ್ಡೆಮ್ ಆಟವನ್ನು ಬಹುತೇಕ ಪೂರ್ತಿಯಾಗಿ ಬಿಡಿಸಿದೆವೆಂದು ಪ್ರಕಟಿಸಿದರು. ಮಿತಿಯಿಲ್ಲದ ಬಗೆ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಇಬ್ಬರೇ ಆಡಿದರೂ ಅದರಲ್ಲಿ ತೀರ್ಮಾನ ಮಾಡಬೇಕಾದ ಸನ್ನಿವೇಶಗಳ ಸಂಖ್ಯೆ 10ರ 161ನೆಯ ಘಾತದಷ್ಟು. 2017ರ ಜನವರಿಯಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ 'ಲಿಬ್ರಾಟಸ್' ಎಂಬ ಕಂಪ್ಯೂಟರ್ ವ್ಯವಸ್ಥೆ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 1,20,000 ಸುತ್ತುಗಳನ್ನು ಆಡಿ ನಿಚ್ಚಳವಾಗಿ ಗೆದ್ದಿತು. ತಾನು ರಾಶಿಗೆ ಹಾಕಿದ್ದನ್ನು ನೆನೆದು ಅದಕ್ಕೆ ಹೊಟ್ಟೆಯುರಿಯಲಿಲ್ಲ. ಮನುಷ್ಯನಿಗೆ ಕಷ್ಟವಾದದ್ದು ಯಂತ್ರಕ್ಕೆ ಹುಟ್ಟುಗುಣ.

ಮನುಷ್ಯನಿಗೆ ಅದೆಷ್ಟು ಕಷ್ಟವೆಂಬುದನ್ನು ತಿಳಿಯಲು ನಾವು ಅಮೆರಿಕೆಗೆ ಹೋಗಬೇಕಾಗಿಲ್ಲ. ಮಹಾಭಾರತದ ಸಭಾಪರ್ವವೇ ಸಾಕು. ಧರ್ಮರಾಯ ಸಂಪತ್ತನ್ನು ಸೋತಮೇಲೆ ರಾಜ್ಯವನ್ನು, ಆಮೇಲೆ ತಮ್ಮಂದಿರನ್ನು, ತನ್ನನ್ನು, ಕಡೆಗೆ ದ್ರೌಪದಿಯನ್ನು ಒಡ್ಡಿದ. ಪ್ರತಿಯೊಂದು ಸೋಲೂ ಮುಂದಿನ ಪಣಕ್ಕೆ ಕಾರಣವಾಯಿತು.

ಇನ್ನು ನನ್ನ ಮನೆಯ ಮಾತು. 2003ರ ಬರಗಾಲದಲ್ಲಿ ನಾನೂ ಅಣ್ಣನೂ ನಮ್ಮ ಹೊಲದಲ್ಲಿ ಕೊಳವೆ ಬಾವಿ ಕೊರೆಸಿದೆವು. ಮುನ್ನೂರು ಅಡಿಗೆ ನೀರು ಸಿಗುತ್ತದೆಂದು ನೀರು ನೋಡುವವರು ಹೇಳಿದ್ದರು. ಮುನ್ನೂರಕ್ಕೆ ಬಂದದ್ದು ಬರೀ ಬಿಳಿ ಹುಡಿ. ಅಡಿಗೆ ಇಷ್ಟೆಂದು ಲೆಕ್ಕ. ಲಾರಿಯವನು ನಮ್ಮ ಮುಖ ನೋಡಿದ. ಅಣ್ಣ, "ಇಷ್ಟು ಕೊರೆಸಿಯಾಯಿತು, ಇನ್ನೈವತ್ತು ಅಡಿ ಹೋಗಲಿ" ಎಂದ. ನಾನು ಸುಮ್ಮನಿದ್ದೆ. ಮುನ್ನೂರೈವತ್ತರಲ್ಲಿ ಅದೇ ಮಾತನ್ನು ನಾನೇ ಹೇಳಿದೆ. ನಾನೂರು, ನಾನೂರೈವತ್ತು. ಐನೂರ ಇಪ್ಪತ್ತರಲ್ಲಿ ಮಿಷನ್ ನಿಲ್ಲಿಸಿದಾಗ ನಮ್ಮ ಬಟ್ಟೆಯ ಮೇಲೆಲ್ಲಾ ಹುಡಿ ಕೂತಿತ್ತು. ಅಣ್ಣ ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಹಣ ನೆಲದೊಳಗೆ ಇಳಿದಿತ್ತು. ಮದುವೆಯೇನೋ ಸಾಲ ಮಾಡಿ ನಡೆಯಿತು. ಸಾಲ ತೀರಲು ಆರು ವರ್ಷ ಹಿಡಿಯಿತು.

ನಮ್ಮ ತಪ್ಪು ಇನ್ನೈವತ್ತು ಅಡಿ ಕೊರೆಸಿದ್ದೇ ಎಂದು ಈಗಲೂ ನಾನು ಖಚಿತವಾಗಿ ಹೇಳಲಾರೆ. ಎಷ್ಟೋ ಬಾವಿಗಳಲ್ಲಿ ಆ ಐವತ್ತು ಅಡಿಗೇ ನೀರು ಬಂದದ್ದುಂಟು. ಇಸ್ಪೀಟಿನಲ್ಲಿ ಕಾಣದ ಎಲೆಗಳು 46 ಎಂದು ಎಣಿಸಬಹುದು. ಭೂಮಿಯ ಕೆಳಗಿನ ಎಲೆಗಳನ್ನು ಎಣಿಸಿದವರಿಲ್ಲ. ನಮ್ಮ ತಪ್ಪು ನಾವು ಕೊಟ್ಟ ಕಾರಣದಲ್ಲಿತ್ತು. "ಮುಂದೆ ನೀರಿರುವ ಲಕ್ಷಣವಿದೆಯೇ? ಈ ಐವತ್ತು ಅಡಿಯ ಖರ್ಚು ಆ ಸಂಭವಕ್ಕೆ ತಕ್ಕದ್ದೇ?" ಎಂದು ನಾವು ಒಂದು ಸಾರಿಯೂ ಕೇಳಲಿಲ್ಲ. "ಇಷ್ಟು ಕೊರೆಸಿಯಾಯಿತು" ಎಂದಷ್ಟೇ ಐದು ಸಾರಿ ಹೇಳಿದೆವು. ಕೊರೆಸಿದ ಮುನ್ನೂರು ಅಡಿ ಮುಂದಿನ ಐವತ್ತು ಅಡಿಯಲ್ಲಿ ನೀರು ತರಿಸುವುದಿಲ್ಲ. ಪಾಸ್ಕಲನ ಪತ್ರವನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದ ಮೇಷ್ಟರಿಗೆ ತನ್ನ ಹೊಲದ ಬದುವಿನಲ್ಲಿ ಅದು ಹೊಳೆಯಲಿಲ್ಲ. ಅಣ್ಣ ಈಗಿಲ್ಲ. ಈ ಮಾತನ್ನು ಅವನೊಡನೆ ಆಡುವ ಧೈರ್ಯ ನನಗೆ ಕಡೆಯವರೆಗೂ ಬರಲಿಲ್ಲ.

ಆದ್ದರಿಂದ ಮಕ್ಕಳೇ, ನಿಮ್ಮಲ್ಲಿ ಯಾರಾದರೂ ನಡೆಯದ ವ್ಯಾಪಾರವನ್ನೋ ಮುಗಿಯದ ವ್ಯಾಜ್ಯವನ್ನೋ ಹಿಡಿದು ಕುಳಿತಿದ್ದರೆ, ಎಷ್ಟು ಹಾಕಿದೆ ಎಂಬ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇವತ್ತೇ ಹೊಸದಾಗಿ ಬಂದು ಕುಳಿತವನಂತೆ ರಾಶಿಯನ್ನು ನೋಡಿ, ಇನ್ನು ತೆರಬೇಕಾದದ್ದನ್ನು ನೋಡಿ. ಸಾಧ್ಯವಾದರೆ ಲಾರಿ ಬರುವ ಮೊದಲೇ, ಮನಸ್ಸು ತಣ್ಣಗಿರುವಾಗಲೇ, ಎಷ್ಟು ಅಡಿಗೆ ನಿಲ್ಲಿಸುವುದೆಂದು ಬರೆದಿಡಿ. ಬೆಲೆ ಸರಿಯಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಎಲೆ ಕೆಳಗಿಡುವುದೊಂದೇ ಜಾಣತನವೆಂದು ನಾನು ಹೇಳಲಿಲ್ಲ.

ಕಡೆಗೆ, ಹಳೆಯ ಅಭ್ಯಾಸದಂತೆ ಒಂದು ಮನೆಗೆಲಸ. ಕೈಯಲ್ಲಿ ಎಂಟು, ಒಂಬತ್ತು. ಮೇಜಿನ ಮೇಲೆ ಏಳು, ಹತ್ತು ಮತ್ತು ಜೊತೆಗೂಡದ ಎರಡು ಎಲೆ. ಆರು ಬಂದರೂ ಗುಲಾಮ ಬಂದರೂ ಸ್ಟ್ರೈಟ್ ಕೂಡುತ್ತದೆ. ಅಂದರೆ ನಿಮ್ಮ ಪರ 8 ಎಲೆ. ತೆರೆಯಬೇಕಾದದ್ದು ಇನ್ನೊಂದೇ ಎಲೆ. ರಾಶಿಯಲ್ಲಿ 90 ಬೀಜ. ಎದುರಾಳಿ 30 ಕಟ್ಟಿದ್ದಾನೆ. ಮುಂದುವರಿಯುತ್ತೀರಾ, ಕೆಳಗಿಡುತ್ತೀರಾ? ಮುಂದುವರಿಯುವುದಾದರೆ, ಎಲೆ ಕೂಡಿದಾಗ ಇನ್ನೆಷ್ಟು ಬೀಜ ಗೆಲ್ಲುವ ಭರವಸೆ ಇರಬೇಕು? ಉತ್ತರವನ್ನು ಬಿಡಿಸಿದ ಕ್ರಮದೊಂದಿಗೆ ಬರೆದು ಕಳಿಸಿ. ಬರೀ ಉತ್ತರಕ್ಕೆ ಅಂಕವಿಲ್ಲ.